ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್

ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಎಂಬುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮನೆಗಳಲ್ಲಿ ಅನಿಲ, ತೈಲ ಮೊದಲಾದ ಇಂಧನಗಳನ್ನು ಉರಿಸುವ ಬಾಯ್ಲರ್‌ಗಳನ್ನು ತೆಗೆದು, ಅವುಗಳ ಬದಲಿಗೆ ಶಾಖ ಪಂಪ್ ಅಳವಡಿಸಿಕೊಳ್ಳಲು ಬ್ರಿಟನ್ ಸರ್ಕಾರ ನೀಡುವ ಅನುದಾನದ ಯೋಜನೆ. 2022ರ ಮೇ ತಿಂಗಳಲ್ಲಿ ಅರ್ಜಿ ಸ್ವೀಕಾರ ಆರಂಭಿಸಿದ ಈ ಯೋಜನೆಯನ್ನು ಇಂಧನ ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ನಿರ್ವಹಿಸುತ್ತದೆ. 2023ರ ಅಕ್ಟೋಬರ್ 23ರಿಂದ ವಾಯುಮೂಲದ ಮತ್ತು ಭೂಮೂಲದ ಶಾಖ ಪಂಪ್‌ಗಳೆರಡಕ್ಕೂ ತಲಾ 7,500 ಪೌಂಡ್ ಅನುದಾನ ನಿಗದಿಯಾಗಿದೆ. ಈ ಹಣ ಯಂತ್ರವನ್ನು ಕೊಂಡು ಅಳವಡಿಸುವ ವೆಚ್ಚಕ್ಕೆ ಮಾತ್ರ ಸಲ್ಲುತ್ತದೆ. ಮುಂದಿನ ವರ್ಷಗಳ ವಿದ್ಯುತ್ ಬಿಲ್ಲು ಎಷ್ಟಾಗುತ್ತದೆ ಎಂಬುದು ಅಳವಡಿಕೆಗೆ ಮುನ್ನ ನಡೆಯುವ ಲೆಕ್ಕಾಚಾರ ಮತ್ತು ವಿನ್ಯಾಸದ ಗುಣಮಟ್ಟವನ್ನು ಅವಲಂಬಿಸಿದೆ.

ಹಿನ್ನೆಲೆ

ಬ್ರಿಟನ್ನಿನ ಚಳಿಗಾಲದಲ್ಲಿ ಮನೆಯನ್ನು ಹಲವು ತಿಂಗಳ ಕಾಲ ಬೆಚ್ಚಗಿಡುವುದು ಅನಿವಾರ್ಯ. ಬಹುತೇಕ ಮನೆಗಳಲ್ಲಿ ಬಾಯ್ಲರ್ ನೀರನ್ನು ಕಾಯಿಸುತ್ತದೆ. ಆ ಬಿಸಿನೀರು ಕೊಳವೆಗಳ ಮೂಲಕ ಪ್ರತಿ ಕೋಣೆಯ ರೇಡಿಯೇಟರ್‌ಗೆ ಹರಿದು ಕೋಣೆಯನ್ನು ಬಿಸಿಮಾಡುತ್ತದೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಮುಕ್ಕಾಲು ಪಾಲು ಕುಟುಂಬಗಳು ಮನೆ ಬಿಸಿಮಾಡಲು ಕೊಳವೆ ಅನಿಲವನ್ನಷ್ಟೇ ಬಳಸುತ್ತಿದ್ದವು. 2050ರ ವೇಳೆಗೆ ಹಸಿರುಮನೆ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸಬೇಕೆಂದು ಬ್ರಿಟನ್ 2019ರಲ್ಲಿ ಕಾನೂನು ಮಾಡಿತು. 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಶಾಖ ಪಂಪ್‌ಗಳನ್ನು ಅಳವಡಿಸುವ ಗುರಿಯನ್ನು 2020ರಲ್ಲಿ ಪ್ರಕಟಿಸಲಾಯಿತು.

ಇದಕ್ಕೂ ಮೊದಲು, 2014ರಿಂದ, ನವೀಕರಿಸಬಹುದಾದ ಶಾಖಕ್ಕೆ ಪ್ರೋತ್ಸಾಹಧನ ನೀಡುವ ಬೇರೊಂದು ಯೋಜನೆ ಮನೆಗಳಿಗೆ ಲಭ್ಯವಿತ್ತು. ಅದರಲ್ಲಿ ಮನೆಯ ಮಾಲೀಕರು ಮೊದಲು ಪೂರ್ತಿ ವೆಚ್ಚ ಭರಿಸಬೇಕಿತ್ತು. ಸಹಾಯಧನವು ಮೂರು ತಿಂಗಳಿಗೊಮ್ಮೆ, ಏಳು ವರ್ಷಗಳ ಕಾಲ ಕಂತುಗಳಲ್ಲಿ ಬರುತ್ತಿತ್ತು. ಕೈಯಲ್ಲಿ ದೊಡ್ಡ ಮೊತ್ತವಿಲ್ಲದವರಿಗೆ ಈ ಕ್ರಮ ಅನುಕೂಲಕರವಾಗಿರಲಿಲ್ಲ. ಆ ಯೋಜನೆ 2022ರ ಮಾರ್ಚ್ 31ರಂದು ಹೊಸ ಅರ್ಜಿಗಳಿಗೆ ಮುಚ್ಚಿತು. ಅದರ ನಂತರ ಬಂದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್‌ನಲ್ಲಿ ಅನುದಾನವನ್ನು ಆರಂಭದಲ್ಲಿಯೇ ಬೆಲೆಯಿಂದ ಕಳೆಯಲಾಗುತ್ತದೆ.

ಆರಂಭದಲ್ಲಿ ಮೂರು ವರ್ಷಗಳಿಗೆ 45 ಕೋಟಿ ಪೌಂಡ್ ಮೀಸಲಿಡಲಾಗಿತ್ತು. ಅನುದಾನವು ವಾಯುಮೂಲದ ಪಂಪ್‌ಗೆ 5,000 ಪೌಂಡ್ ಮತ್ತು ಭೂಮೂಲದ ಪಂಪ್‌ಗೆ 6,000 ಪೌಂಡ್ ಆಗಿತ್ತು. ಮೊದಲ ವರ್ಷ ಬೇಡಿಕೆ ನಿರೀಕ್ಷೆಗಿಂತ ಕಡಿಮೆಯಿದ್ದುದರಿಂದ ಮೊತ್ತವನ್ನು ಹೆಚ್ಚಿಸಲಾಯಿತು. ಬಳಿಕ ಯೋಜನೆಯ ಅವಧಿಯನ್ನೂ ವಿಸ್ತರಿಸಲಾಯಿತು.

ಶಾಖ ಪಂಪ್‌ನ ಕಾರ್ಯವಿಧಾನ

ಶಾಖ ಪಂಪ್ ಇಂಧನವನ್ನು ಉರಿಸಿ ಶಾಖವನ್ನು ಉತ್ಪಾದಿಸುವುದಿಲ್ಲ. ಹೊರಗಿರುವ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಫ್ರಿಜ್ ತನ್ನೊಳಗಿನ ಶಾಖವನ್ನು ಹೊರತೆಗೆದು ಹಿಂಬದಿಯ ಕೊಳವೆಗಳ ಮೂಲಕ ಕೋಣೆಗೆ ಬಿಡುವ ತತ್ತ್ವವೇ ಇಲ್ಲಿಯೂ ಇದೆ. ಭಾರತದಲ್ಲಿ 'ಹಾಟ್ ಅಂಡ್ ಕೋಲ್ಡ್' ಎಂದು ಮಾರಾಟವಾಗುವ ಹವಾನಿಯಂತ್ರಕಗಳು ಚಳಿಗಾಲದಲ್ಲಿ ಶಾಖ ಪಂಪ್‌ಗಳಾಗಿ ಕೆಲಸ ಮಾಡುತ್ತವೆ. ಬ್ರಿಟನ್ನಿನ ಮನೆಗಳಲ್ಲಿ ಹೆಚ್ಚಾಗಿ ಅಳವಡಿಸುವ ಬಗೆಯು ಹೊರಗಿನ ಗಾಳಿಯಿಂದ ಶಾಖವನ್ನು ಹೀರಿ ರೇಡಿಯೇಟರ್‌ಗಳ ನೀರಿಗೆ ಕೊಡುತ್ತದೆ. ಭೂಮೂಲದ ಪಂಪ್ ನೆಲದಲ್ಲಿ ಹೂತ ಕೊಳವೆಗಳಿಂದ ಅಥವಾ ಕೊರೆದ ಬಾವಿಗಳಿಂದ ಶಾಖ ಪಡೆಯುತ್ತದೆ.

ಹೊರಘಟಕದಲ್ಲಿ ಅತಿ ಕಡಿಮೆ ಉಷ್ಣತೆಯಲ್ಲಿಯೂ ಕುದಿಯುವ ಶೀತಕ ದ್ರವವಿರುತ್ತದೆ. ಅದು ತಂಪು ಗಾಳಿಯಿಂದಲೂ ಶಾಖ ಪಡೆದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ಬಿಸಿಯಾದ ಆವಿ ತನ್ನ ಶಾಖವನ್ನು ಮನೆಯ ನೀರಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಬಳಿಕ ಒತ್ತಡ ಇಳಿಸುವ ಕವಾಟದ ಮೂಲಕ ಹಾದು ಚಕ್ರ ಮರಳಿ ಆರಂಭವಾಗುತ್ತದೆ. ಹಳೆಯ ಘಟಕಗಳಲ್ಲಿ ಆರ್410ಎ ಶೀತಕ ಬಳಕೆಯಲ್ಲಿತ್ತು. ಈಗ ಆರ್32 ಮತ್ತು ಆರ್290 ಎಂದು ಕರೆಯುವ ಪ್ರೊಪೇನ್ ಹೆಚ್ಚುತ್ತಿವೆ. ಪ್ರೊಪೇನ್ ಹವಾಮಾನಕ್ಕೆ ಕಡಿಮೆ ಹಾನಿಕರ, ಆದರೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅಂತಹ ಘಟಕವನ್ನು ಕಿಟಕಿ, ಬಾಗಿಲು ಮತ್ತು ಚರಂಡಿಗಳಿಂದ ನಿಗದಿತ ದೂರದಲ್ಲಿ ಇಡಬೇಕಾಗುತ್ತದೆ.

ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ದೊರೆಯುತ್ತದೆ ಎಂಬ ಅನುಪಾತವನ್ನು ದಕ್ಷತಾ ಗುಣಾಂಕ ಎನ್ನುತ್ತಾರೆ. ಇಡೀ ವರ್ಷದ ಸರಾಸರಿಯು ಋತುಮಾನದ ದಕ್ಷತಾ ಗುಣಾಂಕ. ಹೊರಗಿನ ಗಾಳಿ ಮತ್ತು ರೇಡಿಯೇಟರ್‌ಗೆ ಹೋಗುವ ನೀರಿನ ಉಷ್ಣತೆಗಳ ಅಂತರ ಹೆಚ್ಚಿದಷ್ಟೂ ಈ ಗುಣಾಂಕ ಇಳಿಯುತ್ತದೆ. ಹೊರಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಇರುವಾಗ ನೀರನ್ನು 35 ಡಿಗ್ರಿಗೆ ಕಾಯಿಸಿದರೆ ಸೈದ್ಧಾಂತಿಕ ಗರಿಷ್ಠ ಗುಣಾಂಕ ಸುಮಾರು 8.8, 55 ಡಿಗ್ರಿಗೆ ಕಾಯಿಸಿದರೆ ಸುಮಾರು 6. ನಿಜವಾದ ಯಂತ್ರಗಳು ಈ ಮಿತಿಗಿಂತ ಬಹಳ ಕೆಳಗೆ ಇರುತ್ತವೆಯಾದರೂ ಇಳಿಕೆಯ ದಿಕ್ಕು ಇದೇ.

ಶಾಖವನ್ನು ಹೀಗೆ ಸಾಗಿಸಬಹುದೆಂಬ ವಿಚಾರ ಹಳೆಯದು. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, 1852ರಲ್ಲಿ ಇದನ್ನು ಸೂಚಿಸಿದ್ದರು. ಬ್ರಿಟನ್ನಿನ ನಾರ್ವಿಚ್ ನಗರದಲ್ಲಿ 1940ರ ದಶಕದಲ್ಲಿ ಎಂಜಿನಿಯರ್ ಜಾನ್ ಸಮ್ನರ್ ಅವರು ವೆನ್ಸಮ್ ನದಿಯ ನೀರಿನಿಂದ ಶಾಖ ಪಡೆದು ಕಟ್ಟಡವೊಂದನ್ನು ಬಿಸಿಮಾಡುವ ಪಂಪ್ ನಿರ್ಮಿಸಿದ್ದರು.

ಅರ್ಹತೆ

ಅನುದಾನಕ್ಕೆ ಮನೆಯ ಮಾಲೀಕರು ಅರ್ಹರು. ಬಾಡಿಗೆಗೆ ಕೊಟ್ಟ ಮನೆಗೂ ಅದರ ಮಾಲೀಕರು ಪಡೆಯಬಹುದು. ಬಾಡಿಗೆದಾರರು ತಾವೇ ಪಡೆಯುವಂತಿಲ್ಲ. ಸಾಮಾಜಿಕ ವಸತಿ ಮತ್ತು ನಿರ್ಮಾಣ ಸಂಸ್ಥೆಗಳು ಕಟ್ಟುವ ಹೊಸ ಮನೆಗಳು ಯೋಜನೆಯಿಂದ ಹೊರಗಿವೆ. ಸ್ವಂತಕ್ಕೆ ತಾವೇ ಕಟ್ಟಿಸಿಕೊಳ್ಳುವ ಮನೆಗಳಿಗೆ ವಿನಾಯಿತಿಯಿದೆ. ಮುಖ್ಯ ಷರತ್ತುಗಳು ಹೀಗಿವೆ:

• ಮನೆಗೆ ಚಾಲ್ತಿಯಲ್ಲಿರುವ ಇಂಧನ ಕಾರ್ಯಕ್ಷಮತೆಯ ಪ್ರಮಾಣಪತ್ರ ಇರಬೇಕು. ಇದರ ಅವಧಿ 10 ವರ್ಷ.
• ಹೊಸ ವ್ಯವಸ್ಥೆ ಅನಿಲ, ತೈಲ ಅಥವಾ ನೇರ ವಿದ್ಯುತ್ ತಾಪನದ ಸ್ಥಾನದಲ್ಲಿ ಬರಬೇಕು. ಬಾಯ್ಲರ್ ಉಳಿಸಿಕೊಂಡು ಅದರ ಜೊತೆಗೆ ಪಂಪ್ ಸೇರಿಸುವ ಮಿಶ್ರ ವ್ಯವಸ್ಥೆಗೆ ಅನುದಾನವಿಲ್ಲ.
• ಮನೆಯ ಪೂರ್ಣ ತಾಪನ ಹಾಗೂ ಬಿಸಿನೀರಿನ ಅಗತ್ಯವನ್ನು ಪಂಪ್ ಪೂರೈಸಬೇಕು. ಸಾಮರ್ಥ್ಯ 45 ಕಿಲೋವ್ಯಾಟ್ ಮೀರಬಾರದು.
• ಋತುಮಾನದ ದಕ್ಷತಾ ಗುಣಾಂಕ ಕನಿಷ್ಠ 2.8 ಇರಬೇಕು.
• ಯಂತ್ರ ಮತ್ತು ಅಳವಡಿಸುವ ಸಂಸ್ಥೆ ಎರಡಕ್ಕೂ ಎಂಸಿಎಸ್ ಎಂಬ ಗುಣಮಟ್ಟ ಪ್ರಮಾಣೀಕರಣ ವ್ಯವಸ್ಥೆಯ ಮಾನ್ಯತೆ ಬೇಕು.

ಮಾಳಿಗೆಗೆ ಅಥವಾ ಪೊಳ್ಳು ಗೋಡೆಗೆ ಶಾಖ ನಿರೋಧಕ ಹಾಕಿಸಬೇಕೆಂಬ ಶಿಫಾರಸು ಪ್ರಮಾಣಪತ್ರದಲ್ಲಿದ್ದರೆ ಮೊದಲು ಅದನ್ನು ಪೂರೈಸಬೇಕೆಂಬ ನಿಯಮ ಆರಂಭದಲ್ಲಿತ್ತು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಷರತ್ತು ಹೋದರೂ ನಿರೋಧಕದ ಪ್ರಯೋಜನ ಉಳಿದಿದೆ: ಶಾಖದ ಸೋರಿಕೆ ಕಡಿಮೆಯಾದರೆ ಚಿಕ್ಕ ಪಂಪ್ ಸಾಕಾಗುತ್ತದೆ.

ಅರ್ಜಿಯ ಕ್ರಮ

ಮಾಲೀಕರು ನೇರವಾಗಿ ಅರ್ಜಿ ಸಲ್ಲಿಸುವುದಿಲ್ಲ. ಅವರು ಮಾನ್ಯತೆ ಪಡೆದ ಸಂಸ್ಥೆಗಳಿಂದ ದರಪಟ್ಟಿ ತರಿಸಿಕೊಂಡು ಒಂದನ್ನು ಆಯ್ದುಕೊಳ್ಳುತ್ತಾರೆ. ಆ ಸಂಸ್ಥೆಯೇ ಆಫ್‌ಜೆಮ್‌ಗೆ ಅರ್ಜಿ ಹಾಕುತ್ತದೆ. ಆಫ್‌ಜೆಮ್ ಮಾಲೀಕರನ್ನು ಸಂಪರ್ಕಿಸಿ ಒಪ್ಪಿಗೆ ಪಡೆದ ಮೇಲೆ ವೋಚರ್ ನೀಡುತ್ತದೆ. ವೋಚರ್‌ನ ಅವಧಿ ವಾಯುಮೂಲದ ಪಂಪ್‌ಗೆ ಮೂರು ತಿಂಗಳು, ಭೂಮೂಲದ ಪಂಪ್‌ಗೆ ಆರು ತಿಂಗಳು. ಕೆಲಸ ಮುಗಿದು ಎಂಸಿಎಸ್ ಪ್ರಮಾಣಪತ್ರ ದಾಖಲಾದ ಬಳಿಕ ಹಣ ಅಳವಡಿಸಿದ ಸಂಸ್ಥೆಗೆ ಸಂದಾಯವಾಗುತ್ತದೆ. ಮಾಲೀಕರಿಗೆ ಬರುವ ಬಿಲ್ಲಿನಲ್ಲಿ ಅನುದಾನ ಕಳೆದ ಮೊತ್ತವಷ್ಟೇ ಇರುತ್ತದೆ.

2022ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಗ್ರೇಟ್ ಬ್ರಿಟನ್ನಿನ ಮನೆಗಳಲ್ಲಿ ಶಾಖ ಪಂಪ್ ಅಳವಡಿಕೆಗೆ ಮೌಲ್ಯವರ್ಧಿತ ತೆರಿಗೆಯ ದರ ಸೊನ್ನೆ. ಸ್ಕಾಟ್ಲೆಂಡ್‌ನಲ್ಲಿ ಬೇರೆಯೇ ವ್ಯವಸ್ಥೆ ಇದೆ. ಅಲ್ಲಿ 7,500 ಪೌಂಡ್ ಅನುದಾನದ ಜೊತೆಗೆ ಬಡ್ಡಿರಹಿತ ಸಾಲವೂ ದೊರೆಯುತ್ತದೆ. ಗ್ರಾಮೀಣ ಪ್ರದೇಶಗಳಲ್ಲಿ ಅನುದಾನ 9,000 ಪೌಂಡ್‌ವರೆಗೆ ಏರುತ್ತದೆ.

ಸಮೀಕ್ಷೆ ಮತ್ತು ವಿನ್ಯಾಸ

ಅಳವಡಿಕೆಗೆ ಮುನ್ನ ಮನೆಯ ಪ್ರತಿ ಕೋಣೆಯ ಶಾಖನಷ್ಟವನ್ನು ಲೆಕ್ಕ ಹಾಕಬೇಕೆಂಬುದು ಎಂಸಿಎಸ್ ನಿಯಮ. ಗೋಡೆ, ಕಿಟಕಿ, ನೆಲ ಹಾಗೂ ಮಾಳಿಗೆಯ ಅಳತೆ ಮತ್ತು ಸಾಮಗ್ರಿಯನ್ನು ನೋಡಿ, ಆ ಊರಿನ ತೀವ್ರ ಚಳಿಯ ದಿನದಲ್ಲಿ ಕೋಣೆಯನ್ನು ಬೆಚ್ಚಗಿಡಲು ಎಷ್ಟು ಶಾಖ ಬೇಕೆಂದು ನಿರ್ಧರಿಸಲಾಗುತ್ತದೆ. ಹಳೆಯ ಬಾಯ್ಲರ್‌ನ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡರೆ ಪಂಪ್ ಅಗತ್ಯಕ್ಕಿಂತ ದೊಡ್ಡದಾಗುವ ಸಂಭವವಿದೆ. ಅಂತಹ ಪಂಪ್ ಮತ್ತೆಮತ್ತೆ ನಿಂತು ಚಾಲೂ ಆಗುವುದರಿಂದ ದಕ್ಷತೆ ಮತ್ತು ಬಾಳಿಕೆ ಎರಡೂ ಕುಗ್ಗುತ್ತವೆ.

ರೇಡಿಯೇಟರ್‌ಗಳ ಗಾತ್ರ ಎರಡನೆಯ ಮುಖ್ಯ ವಿಷಯ. ಒಳಗಿನ ನೀರಿನ ಸರಾಸರಿ ಉಷ್ಣತೆ 70 ಡಿಗ್ರಿ ಇದ್ದಾಗ 20 ಡಿಗ್ರಿಯ ಕೋಣೆಗೆ ರೇಡಿಯೇಟರ್ ಕೊಡುವ ಶಾಖವು, ನೀರು 45 ಡಿಗ್ರಿಗೆ ಇಳಿದಾಗ ಸುಮಾರು ಶೇ. 40ಕ್ಕೆ ಕುಸಿಯುತ್ತದೆ. ಆದ್ದರಿಂದ ಕೆಲವು ಕೋಣೆಗಳಲ್ಲಿ ದೊಡ್ಡ ರೇಡಿಯೇಟರ್ ಹಾಕಬೇಕಾಗುತ್ತದೆ. 8 ಅಥವಾ 10 ಮಿಲಿಮೀಟರ್ ವ್ಯಾಸದ ಸಣ್ಣ ಕೊಳವೆಗಳಿರುವ ಮನೆಗಳಲ್ಲಿ ಕೊಳವೆಗಳನ್ನೂ ಬದಲಿಸಬೇಕಾಗಬಹುದು. ಈ ವೆಚ್ಚ ಉಳಿಸಲು ನೀರಿನ ಉಷ್ಣತೆಯನ್ನು ಏರಿಸಿದರೆ ಉಳಿಸಿದ ಹಣ ಮುಂದಿನ ವರ್ಷಗಳಲ್ಲಿ ವಿದ್ಯುತ್ ಬಿಲ್ಲಿಗೆ ಹೋಗುತ್ತದೆ.

ಬೇಕಾದಾಗ ತಕ್ಷಣ ನೀರು ಕಾಯಿಸಿಕೊಡುವ 'ಕಾಂಬಿ' ಬಾಯ್ಲರ್ ಇದ್ದ ಮನೆಗಳಲ್ಲಿ ಬಿಸಿನೀರಿನ ತೊಟ್ಟಿ ಇರುವುದಿಲ್ಲ. ಶಾಖ ಪಂಪ್‌ಗೆ ಅದು ಬೇಕಾಗುವುದರಿಂದ ಒಳಗೆ ಜಾಗ ಹೊಂದಿಸಬೇಕು. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ತೊಟ್ಟಿಯ ನೀರನ್ನು ಆಗಾಗ 60 ಡಿಗ್ರಿಯವರೆಗೆ ಕಾಯಿಸುವ ಏರ್ಪಾಡು ಸಾಮಾನ್ಯ.

ಹೊರಘಟಕಕ್ಕೆ ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಯೋಜನಾ ಅನುಮತಿ ಬೇಕಿಲ್ಲ. ಆದರೆ ಗಾತ್ರ ಮತ್ತು ಶಬ್ದದ ಮಿತಿಯೊಳಗಿರಬೇಕು. ನೆರೆಯವರ ಗಡಿಯಿಂದ ಒಂದು ಮೀಟರ್ ದೂರ ಇರಬೇಕೆಂಬ ನಿಯಮವನ್ನು 2025ರ ಮೇ ತಿಂಗಳಲ್ಲಿ ತೆಗೆಯಲಾಯಿತು. ಪಾರಂಪರಿಕ ಕಟ್ಟಡಗಳಿಗೆ ಒಪ್ಪಿಗೆ ಬೇಕು. ವೇಲ್ಸ್‌ನ ನಿಯಮಗಳು ಪ್ರತ್ಯೇಕ.

ವೆಚ್ಚ ಮತ್ತು ಉಳಿತಾಯ

ಅನುದಾನ ಕಳೆಯುವ ಮುನ್ನ ವಾಯುಮೂಲದ ಪಂಪ್ ಅಳವಡಿಕೆಗೆ ಸಾಮಾನ್ಯವಾಗಿ 12,000ದಿಂದ 13,000 ಪೌಂಡ್‌ಗಳ ಆಸುಪಾಸಿನಲ್ಲಿ ಖರ್ಚಾಗುತ್ತದೆ. ಭೂಮೂಲದ ಪಂಪ್‌ಗೆ ಅಗೆತ ಅಥವಾ ಕೊರೆತದ ಕಾರಣ ಇದಕ್ಕಿಂತ ಬಹಳ ಹೆಚ್ಚು.

ಬಳಕೆಯ ಖರ್ಚು ವಿದ್ಯುತ್ ಮತ್ತು ಅನಿಲ ದರಗಳ ಅನುಪಾತವನ್ನು ಅವಲಂಬಿಸುತ್ತದೆ. ಬ್ರಿಟನ್ನಿನಲ್ಲಿ ಅನಿಲವನ್ನೂ ಕಿಲೋವ್ಯಾಟ್-ಗಂಟೆ, ಅಂದರೆ ಯೂನಿಟ್ ಲೆಕ್ಕದಲ್ಲಿಯೇ ಅಳೆಯುತ್ತಾರೆ. 2023ರ ಅಕ್ಟೋಬರ್‌–ಡಿಸೆಂಬರ್ ಅವಧಿಗೆ ಆಫ್‌ಜೆಮ್ ನಿಗದಿಪಡಿಸಿದ್ದ ಗರಿಷ್ಠ ಸರಾಸರಿ ದರ ವಿದ್ಯುತ್ತಿಗೆ ಯೂನಿಟ್‌ಗೆ ಸುಮಾರು 27.35 ಪೆನ್ಸ್, ಅನಿಲಕ್ಕೆ 6.89 ಪೆನ್ಸ್. ವರ್ಷಕ್ಕೆ 12,000 ಯೂನಿಟ್ ಶಾಖ ಬೇಕಾದ ಮನೆಯೊಂದನ್ನು ಊಹಿಸಿದರೆ ಈ ದರಗಳಲ್ಲಿ ಲೆಕ್ಕ ಹೀಗಾಗುತ್ತದೆ:

• ಶೇ. 90 ದಕ್ಷತೆಯ ಅನಿಲ ಬಾಯ್ಲರ್: ಸುಮಾರು 920 ಪೌಂಡ್.
• ಗುಣಾಂಕ 2.8ರ ಶಾಖ ಪಂಪ್: ಸುಮಾರು 1,170 ಪೌಂಡ್.
• ಗುಣಾಂಕ 4ರ ಶಾಖ ಪಂಪ್: ಸುಮಾರು 820 ಪೌಂಡ್.

ಅನುದಾನಕ್ಕೆ ಬೇಕಾದ ಕನಿಷ್ಠ ಗುಣಾಂಕವನ್ನು ಮಾತ್ರ ಮುಟ್ಟಿದ ಪಂಪ್ ಈ ದರಗಳಲ್ಲಿ ಬಿಲ್ಲನ್ನು ಹೆಚ್ಚಿಸುತ್ತದೆ. ಬಾಯ್ಲರ್‌ಗೆ ಸರಿಸಮವಾಗಲು ಗುಣಾಂಕ ಸುಮಾರು 3.6 ಇರಬೇಕು. ಅಡುಗೆಯನ್ನೂ ವಿದ್ಯುತ್ತಿಗೆ ಬದಲಿಸಿ ಅನಿಲ ಸಂಪರ್ಕವನ್ನೇ ತೆಗೆಸಿದರೆ ದಿನಕ್ಕೆ ಸುಮಾರು 30 ಪೆನ್ಸ್ ನಿಗದಿತ ಶುಲ್ಕ ಉಳಿಯುವುದರಿಂದ ಆ ಮಟ್ಟ ಸುಮಾರು 3.2ಕ್ಕೆ ಇಳಿಯುತ್ತದೆ. ಕೊಳವೆ ಅನಿಲವಿಲ್ಲದೆ ನೇರ ವಿದ್ಯುತ್ ತಾಪನವನ್ನು ಬಳಸುತ್ತಿದ್ದ ಮನೆಗಳಿಗೆ ಉಳಿತಾಯ ಹೆಚ್ಚು ಖಚಿತ: ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ದೊರೆಯುತ್ತಿರುತ್ತದೆ.

ಬಳಕೆಯ ಕ್ರಮವೂ ಬದಲಾಗಬೇಕಾಗುತ್ತದೆ. ಬಾಯ್ಲರ್ ಇದ್ದಾಗ ಬೆಳಗ್ಗೆ ಮತ್ತು ಸಂಜೆ ಕೆಲವು ಗಂಟೆ ಮಾತ್ರ ಮನೆಯನ್ನು ಕಾಯಿಸುವುದು ರೂಢಿ. ಶಾಖ ಪಂಪ್ ಕಡಿಮೆ ಉಷ್ಣತೆಯ ನೀರನ್ನು ದೀರ್ಘಕಾಲ ಹರಿಸಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗಿನ ಚಳಿಗೆ ತಕ್ಕಂತೆ ನೀರಿನ ಉಷ್ಣತೆಯನ್ನು ತಾನೇ ಹೊಂದಿಸಿಕೊಳ್ಳುವ ನಿಯಂತ್ರಣವನ್ನು ಚಾಲನೆಯ ದಿನವೇ ಸರಿಯಾಗಿ ಹೊಂದಿಸುವುದು ಅಗತ್ಯ.

ಟೀಕೆಗಳು

ಅನುದಾನದ ನಂತರವೂ ಹಲವು ಸಾವಿರ ಪೌಂಡ್ ಕೈಯಿಂದ ಹಾಕಬೇಕಾಗಿರುವುದರಿಂದ ಯೋಜನೆಯ ಲಾಭ ಉಳ್ಳವರಿಗೇ ಹೆಚ್ಚು ಸಿಗುತ್ತದೆ ಎಂಬುದು ಮುಖ್ಯ ಆಕ್ಷೇಪ. ಬಾಡಿಗೆ ಮನೆಗಳಲ್ಲಿ ಖರ್ಚು ಮಾಲೀಕರದು, ಬಿಲ್ಲು ಬಾಡಿಗೆದಾರರದು ಆಗಿರುವುದರಿಂದ ಅಳವಡಿಕೆಗೆ ಉತ್ಸಾಹ ಕಡಿಮೆ. ಪರಿಸರ ಮತ್ತು ಸಾಮಾಜಿಕ ಯೋಜನೆಗಳ ಶುಲ್ಕಗಳನ್ನು ಅನಿಲಕ್ಕಿಂತ ವಿದ್ಯುತ್ ಬಿಲ್ಲಿನ ಮೇಲೆ ಹೆಚ್ಚಾಗಿ ಹೇರಿರುವುದು ದರಗಳ ಅಂತರವನ್ನು ಹಿಗ್ಗಿಸಿದೆ ಎಂಬ ವಾದವೂ ಇದೆ.

ಹಳೆಯ ಮನೆಗಳಿಗೆ ಶಾಖ ಪಂಪ್ ಒಗ್ಗುವುದಿಲ್ಲವೆಂಬ ಅಭಿಪ್ರಾಯವನ್ನು ಸರ್ಕಾರದ ಧನಸಹಾಯದಿಂದ ನಡೆದ ಪ್ರಾಯೋಗಿಕ ಯೋಜನೆಯೊಂದು ಪರೀಕ್ಷಿಸಿತು. ಅದರಲ್ಲಿ ವಿವಿಧ ಕಾಲಗಳಲ್ಲಿ ಕಟ್ಟಿದ, ಬೇರೆಬೇರೆ ಬಗೆಯ 742 ಮನೆಗಳಿಗೆ ಪಂಪ್ ಅಳವಡಿಸಲಾಯಿತು. ಯಾವುದೇ ಒಂದು ಬಗೆಯ ಮನೆಯನ್ನು ಶಾಖ ಪಂಪ್‌ಗೆ ಅಯೋಗ್ಯವೆಂದು ಬದಿಗಿಡಲು ಕಾರಣವಿಲ್ಲವೆಂಬುದು ಅದರ ತೀರ್ಮಾನ. ಆದರೆ ಯಂತ್ರಗಳ ನೈಜ ದಕ್ಷತೆ ಮನೆಯಿಂದ ಮನೆಗೆ ಗಣನೀಯವಾಗಿ ಬದಲಾಗುತ್ತಿದ್ದುದೂ ಅಲ್ಲಿ ಕಂಡುಬಂದಿತು. ಹೀಗಾಗಿ ದರಪಟ್ಟಿಗಳನ್ನು ಹೋಲಿಸುವಾಗ ಬೆಲೆಯ ಜೊತೆಗೆ ಕೋಣೆವಾರು ಶಾಖನಷ್ಟ, ವಿನ್ಯಾಸದ ನೀರಿನ ಉಷ್ಣತೆ ಮತ್ತು ನಿರೀಕ್ಷಿತ ಗುಣಾಂಕ ಈ ಮೂರನ್ನೂ ನೋಡುವುದು ಮುಖ್ಯವಾಗುತ್ತದೆ.