ಕಾರಖಾನೆಯ ಹಲಗೆ ಯಾರ ಮಾತನ್ನಾಡಬೇಕು?

ಇಂದು ನಮ್ಮ ನಾಡಿನ ಅನೇಕ ಕಾರಖಾನೆಗಳನ್ನು ಹೊಕ್ಕೊಡನೆ ಗೋಡೆಯ ಮೇಲಿನ ಹಲಗೆಯೊಂದು ಕಣ್ಣಿಗೆ ಬೀಳುವದು. ಈ ದಿನದ ಗುರಿ ಎಷ್ಟು, ಈ ಗಳಿಗೆಯವರೆಗೆ ಸಿದ್ಧವಾದ ಮಾಲು ಎಷ್ಟು, ಅದರಲ್ಲಿ ಕೆಟ್ಟದ್ದೆಷ್ಟು, ಅಪಘಾತವಿಲ್ಲದೆ ಕಳೆದ ದಿನಗಳೆಷ್ಟು ಎಂಬ ಅಂಕೆಗಳು ಅದರ ಮೇಲಿರುವವು. ಕೆಲವೆಡೆ ಅದು ಸೀಮೆಸುಣ್ಣದಿಂದ ಬರೆದ ಕರಿಹಲಗೆ. ಕೆಲವೆಡೆ ವಿದ್ಯುದ್ದೀಪಗಳಿಂದ ಬೆಳಗುವ ಫಲಕ. ಕೆಲಸದ ಸ್ಥಿತಿಗತಿಯನ್ನು ಕಡತಗಳಲ್ಲಿ ಮುಚ್ಚಿಡದೆ ಎಲ್ಲರ ಕಣ್ಣಿಗೂ ಕಾಣಿಸುವ ಈ ಪದ್ಧತಿಯು ಒಳ್ಳೆಯದೆಂಬದರಲ್ಲಿ ಸಂದೇಹವಿಲ್ಲ. ಆದರೆ ಹಲಗೆಯನ್ನು ತೂಗಹಾಕಿದ ಮಾತ್ರದಿಂದಲೇ ಕೆಲಸವು ಸುಧಾರಿಸೀತೆಂದು ತಿಳಿಯುವದು ಭ್ರಮೆ. ಆ ಹಲಗೆಯು ಯಾರ ಮಾತನ್ನು ಯಾರಿಗೆ ಹೇಳುತ್ತದೆ ಎಂಬದೇ ಇಲ್ಲಿಯ ಮುಖ್ಯ ಪ್ರಶ್ನೆ.

ಈ ಪದ್ಧತಿಯು ಹೊಸದೇನೂ ಅಲ್ಲ. ಸ್ಕಾಟ್‌ಲಂಡದ ನ್ಯೂ ಲ್ಯಾನಾರ್ಕ್ ಎಂಬಲ್ಲಿಯ ನೂಲಿನ ಗಿರಣಿಗಳ ಆಡಳಿತವನ್ನು ರಾಬರ್ಟ್ ಓವೆನ್ನರು 1800ರಲ್ಲಿ ವಹಿಸಿಕೊಂಡರು. ಗಿರಣಿಗಳಲ್ಲಿ ಕೂಲಿಕಾರರನ್ನು, ಚಿಕ್ಕ ಮಕ್ಕಳನ್ನು ಕೂಡ, ಹೊಡೆದು ದುಡಿಸಿಕೊಳ್ಳುತ್ತಿದ್ದ ಕಾಲವದು. ಓವೆನ್ನರು ಹೊಡೆತ ಬಡಿತಗಳನ್ನು ನಿಷೇಧಿಸಿದರು. ಅವುಗಳ ಬದಲು ಪ್ರತಿಯೊಬ್ಬ ಕೆಲಸಗಾರನ ಬಳಿಯಲ್ಲಿ ಎರಡಂಗುಲ ಉದ್ದದ ಒಂದು ಕಟ್ಟಿಗೆಯ ತುಂಡನ್ನು ತೂಗಹಾಕಿಸಿದರು. ಅದರ ನಾಲ್ಕು ಮುಖಗಳಿಗೆ ನಾಲ್ಕು ಬಣ್ಣ: ಕೆಟ್ಟ ನಡತೆಗೆ ಕಪ್ಪು, ಸಾಧಾರಣಕ್ಕೆ ನೀಲಿ, ಒಳ್ಳೆಯದಕ್ಕೆ ಹಳದಿ, ಅತ್ಯುತ್ತಮಕ್ಕೆ ಬಿಳಿ. ಹಿಂದಿನ ದಿನ ಅವನು ಹೇಗೆ ನಡೆದುಕೊಂಡನೋ ಅದಕ್ಕೆ ತಕ್ಕ ಬಣ್ಣವನ್ನು ಮೇಲ್ವಿಚಾರಕನು ಮುಂದೆ ತಿರುಗಿಸಿಡುವನು. ಅದನ್ನೇ ಒಂದು ಪುಸ್ತಕದಲ್ಲಿಯೂ ದಾಖಲು ಮಾಡುವರು. ಈ ತುಂಡಿಗೆ ‘ಮೂಕ ಮೇಲ್ವಿಚಾರಕ’ ಎಂಬರ್ಥದ ಹೆಸರಿತ್ತು. ಓವೆನ್ನರು ಗಿರಣಿಯಲ್ಲಿ ಅಡ್ಡಾಡುವಾಗ ಕೆಲಸಗಾರನನ್ನೂ ಬಣ್ಣವನ್ನೂ ಒಮ್ಮೆ ನೋಡುವರು; ಯಾರನ್ನೂ ಬಯ್ಯರು. ಮೊದಮೊದಲು ಕಪ್ಪೇ ಹೆಚ್ಚಾಗಿದ್ದುದು ಕ್ರಮೇಣ ನೀಲಿಗೂ ಹಳದಿಗೂ ಕೊನೆಗೆ ಬಿಳಿಗೂ ತಿರುಗಿತೆಂದು ಅವರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿರುವರು.

ಇದೆಲ್ಲ ಕಟ್ಟಿಗೆಯ ಮಹಿಮೆಯೇ? ಅಲ್ಲ. ಅಮೇರಿಕದಿಂದ ಹತ್ತಿ ಬರುವದು 1806ರ ಸುಮಾರಿಗೆ ನಿಂತಾಗ, ಓವೆನ್ನರು ನಾಲ್ಕು ತಿಂಗಳು ಗಿರಣಿಗಳನ್ನು ನಿಲ್ಲಿಸಿಯೂ ಕೂಲಿಕಾರರಿಗೆ ಪೂರ್ತಿ ಕೂಲಿಯನ್ನು ಕೊಟ್ಟರು. ಅಲ್ಲಿಯವರೆಗೆ ಅವರನ್ನು ಸಂಶಯದಿಂದಲೇ ನೋಡುತ್ತಿದ್ದ ಜನರು ಅಂದಿನಿಂದ ಅವರನ್ನು ನಂಬಿದರು. ತನ್ನ ಬಣ್ಣವು ಅನ್ಯಾಯದ್ದೆಂದು ತೋರಿದರೆ ಯಾವ ಕೆಲಸಗಾರನಾದರೂ ನೇರವಾಗಿ ಯಜಮಾನರಲ್ಲಿಗೆ ಹೋಗಿ ಹೇಳಿಕೊಳ್ಳುವ ಹಕ್ಕೂ ಇತ್ತು. ನಂಬಿಗೆಯಿದ್ದುದರಿಂದಲೇ ಬಣ್ಣಕ್ಕೆ ಬೆಲೆ ಬಂದಿತು.

ಆದರೂ ಆ ಮೂಕ ಮೇಲ್ವಿಚಾರಕನಲ್ಲಿ ಒಂದು ಕೊರತೆಯಿದ್ದಿತು. ಅದು ಮೇಲಿನವರ ಅಭಿಪ್ರಾಯವನ್ನು ಕೆಳಗಿನವರಿಗೆ ತಿಳಿಸುತ್ತಿತ್ತೇ ಹೊರತು ಕೆಳಗಿನವರ ಅನುಭವವನ್ನು ಮೇಲಕ್ಕೆ ಮುಟ್ಟಿಸುತ್ತಿರಲಿಲ್ಲ. ಹತ್ತಿಯೇ ಕೆಟ್ಟಿದ್ದರೆ, ಯಂತ್ರವೇ ಸಡಿಲಾಗಿದ್ದರೆ, ಅದನ್ನು ತೋರಿಸುವ ಬಣ್ಣ ಆ ತುಂಡಿನ ಮೇಲೆ ಇರಲಿಲ್ಲ.

ಈ ಕೊರತೆಯನ್ನು ತುಂಬಿದ ಕೀರ್ತಿಯು ಬಹಳ ಮಟ್ಟಿಗೆ ಜಪಾನಿಗೆ ಸಲ್ಲಬೇಕು. ಅಲ್ಲಿಯ ಬಡಗಿಯೊಬ್ಬನ ಮಗನಾದ ಸಾಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ನೇಯ್ದು ಬಳಿಕ ಆರಿಸಿ ತೆಗೆಯುವ ಕೆಲಸ ತಪ್ಪಿತು. ಒಬ್ಬನೇ ಅನೇಕ ಮಗ್ಗಗಳನ್ನು ನೋಡಿಕೊಳ್ಳುವದು ಸಾಧ್ಯವಾಯಿತು. ಅವರ ಮಗ ಕಿಇಚಿರೊ 1937ರಲ್ಲಿ ಟೊಯೊಟಾ ಮೋಟಾರು ಸಂಸ್ಥೆಯನ್ನು ಸ್ಥಾಪಿಸಿದರು. ಆ ಮನೆತನದ ನೂಲಿನ ಗಿರಣಿಯಿಂದ 1943ರಲ್ಲಿ ಮೋಟಾರು ಕಾರಖಾನೆಗೆ ಬಂದ ತಾಇಚಿ ಓನೊ ಎಂಬ ಎಂಜಿನಿಯರರು, ಮಗ್ಗಕ್ಕಿದ್ದ ಆ ಹಕ್ಕನ್ನು ಮನುಷ್ಯನಿಗೂ ಕೊಟ್ಟರು.

ಆ ಏರ್ಪಾಡಿನ ಹೆಸರು ‘ಆಂಡೊನ್’. ಜಪಾನೀ ಭಾಷೆಯಲ್ಲಿ ಕಾಗದದ ಮರೆಯುಳ್ಳ ದೀಪವೆಂದರ್ಥ. ಮೋಟಾರುಗಳನ್ನು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗವಿರುವದು. ತಿರುಪು ಕೂಡದಿದ್ದರೆ, ಭಾಗವೊಂದು ಸೀಳಿದ್ದರೆ, ಅಲ್ಲಿ ನಿಂತ ಕೆಲಸಗಾರನು ಹಗ್ಗವನ್ನು ಎಳೆಯುವನು. ತಲೆಯ ಮೇಲಿನ ಫಲಕದಲ್ಲಿ ಅವನ ಸ್ಥಾನದ ಸಂಖ್ಯೆಯು ಬೆಳಗುವದು. ತಂಡದ ನಾಯಕನು ಓಡಿ ಬರುವನು. ಗೊತ್ತುಪಡಿಸಿದ ದೂರವನ್ನು ಬಂಡಿಯು ದಾಟುವದರೊಳಗೆ ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುವದು.

ಇವೆರಡರ ಭೇದವನ್ನು ವಾಚಕರು ಗಮನಿಸಬೇಕು. ನ್ಯೂ ಲ್ಯಾನಾರ್ಕಿನ ಕಟ್ಟಿಗೆಯು ‘ಇವನು ಎಂಥವನು’ ಎಂದು ಹೇಳುತ್ತಿತ್ತು. ಜಪಾನಿನ ದೀಪವು ‘ಇಲ್ಲಿ ಏನಾಗಿದೆ, ಬೇಗ ಬನ್ನಿರಿ’ ಎಂದು ಹೇಳುತ್ತದೆ. ಅಲ್ಲಿ ಕೆಲಸಗಾರನು ಪರೀಕ್ಷೆಗೆ ಗುರಿಯಾದವನು; ಇಲ್ಲಿ ಅವನೇ ಪರೀಕ್ಷಕನು.

ಇದು ಜಪಾನೀಯರ ಸ್ವಭಾವಕ್ಕೆ ಮಾತ್ರ ಹೊಂದುವಂಥದೆಂಬ ಆಕ್ಷೇಪವೂ ನಿಲ್ಲಲಾರದು. ಅಮೇರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಕಾರಖಾನೆಯೊಂದು ಗೈರುಹಾಜರಿಗೂ ಕಲಹಗಳಿಗೂ ಹೆಸರಾಗಿ 1982ರಲ್ಲಿ ಮುಚ್ಚಿಹೋಯಿತು. ಟೊಯೊಟಾದೊಡನೆ ಪಾಲುಗೂಡಿ ಅದನ್ನು 1984ರಲ್ಲಿ ಮತ್ತೆ ತೆರೆದಾಗ ಬಹುಪಾಲು ಹಳೆಯ ಕೆಲಸಗಾರರನ್ನೇ ಸೇರಿಸಿಕೊಂಡರು. ಹಿಂದೆ ಸಾಲನ್ನು ನಿಲ್ಲಿಸುವದು ಮಹಾಪರಾಧವಾಗಿದ್ದ ಆ ಕೈಗಳಿಗೆ ಈಗ ಹಗ್ಗವನ್ನು ಕೊಡಲಾಯಿತು. ಸ್ವಲ್ಪ ಕಾಲದಲ್ಲಿಯೇ ಅಲ್ಲಿಯ ಮೋಟಾರುಗಳ ಗುಣವು ಜಪಾನಿನವುಗಳಿಗೆ ಸರಿಗಟ್ಟಿತು. ಆದರೆ ಇದೇ ಪದ್ಧತಿಯನ್ನು ತನ್ನ ಉಳಿದ ಕಾರಖಾನೆಗಳಿಗೆ ಹಬ್ಬಿಸಲು ಜನರಲ್ ಮೋಟರ್ಸ್ ಬಹುಕಾಲ ತೊಡಕುಪಟ್ಟಿತು. ಹಗ್ಗವನ್ನು ಕಟ್ಟುವದು ಸುಲಭ. ಎಳೆದವನನ್ನು ಗದರಿಸದೆ ಇರುವದು ಕಷ್ಟ.

ಟೊಯೊಟಾದ ಕಾರಖಾನೆಯು ನಮ್ಮ ಬಿಡದಿಯಲ್ಲಿಯೇ 1999ರಿಂದ ಮೋಟಾರುಗಳನ್ನು ತಯಾರಿಸುತ್ತಿದೆ. ಈ ವಿದ್ಯೆಯನ್ನು ಕಲಿಯಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಆದರೆ ಹಲಗೆಯನ್ನಷ್ಟೇ ತಂದು ಅದರ ಹಿಂದಿನ ನಂಬಿಗೆಯನ್ನು ಬಿಟ್ಟರೆ ಆಗುವದೇನು? ಅಂಕೆ ಕಡಿಮೆಯಾದರೆ ದಂಡ ಕಾದಿದೆಯೆಂದು ತಿಳಿದವನು ಅಂಕೆಯನ್ನೇ ತಿದ್ದುವನು; ಕೆಟ್ಟ ಮಾಲನ್ನು ಒಳ್ಳೆಯದರ ಕೆಳಗೆ ಅಡಗಿಸುವನು; ಚಿಕ್ಕ ಗಾಯವನ್ನು ಅರಿವೆಯಲ್ಲಿ ಕಟ್ಟಿ ಮುಚ್ಚುವನು. ಫಲಕವು ಬಿಳಿಯಾಗುತ್ತ ಹೋಗುವದು, ಒಳಗೆ ಕಾರಖಾನೆಯು ಕೊಳೆಯುತ್ತ ಹೋಗುವದು. ಬಾಕಿ ಕಾಗದಗಳ ಲೆಕ್ಕವನ್ನು ಗೋಡೆಗೆ ತೂಗಹಾಕುವ ಸರಕಾರಿ ಕಚೇರಿಗಳಿಗೂ ಈ ಮಾತು ಸಲ್ಲುತ್ತದೆ. ಅರ್ಜಿದಾರನ ಕೆಲಸವಾಗದಿದ್ದರೂ ಕಾಗದವನ್ನು ಇನ್ನೊಂದು ಮೇಜಿಗೆ ದೂಡಿದರೆ ಅಲ್ಲಿಯ ಬಾಕಿ ಇಳಿದಂತೆ ಕಾಣುವದಲ್ಲವೇ?

ಆದುದರಿಂದ ಹಲಗೆಯನ್ನು ತೂಗಹಾಕುವ ಅಧಿಕಾರಿಗಳು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ: ಇದರ ಮೇಲೆ ಬರೆಯುವ ಅಧಿಕಾರ ಕೆಲಸಮಾಡುವವನಿಗಿದೆಯೇ? ಕೆಟ್ಟ ಸುದ್ದಿ ಕಂಡಾಗ ನಾವು ಎದ್ದು ಅಲ್ಲಿಗೆ ಹೋಗುವೆವೋ, ಇಲ್ಲವೆ ಅವನನ್ನು ಇಲ್ಲಿಗೆ ಕರೆಯಿಸುವೆವೋ? ಸ್ವತಂತ್ರ ದೇಶದಲ್ಲಿ ದುಡಿಯುವವನು ಆಳಲ್ಲ, ಪ್ರಜೆ. ತಾನು ಕಂಡ ದೋಷವನ್ನು ಹೆದರದೆ ಹೇಳುವ ಹಕ್ಕು ಅವನಿಗೆ ಕಾರಖಾನೆಯ ಬಾಗಿಲೊಳಗೂ ಇರಬೇಕು. ಆ ಹಕ್ಕನ್ನು ಕೊಡುವ ಮನಸ್ಸಿದ್ದವರು ಹಲಗೆಯನ್ನು ಅವಶ್ಯವಾಗಿ ತೂಗಹಾಕಲಿ.