ಕಾರ್ಬ್ಯುರೇಟರಿನ ತಪ್ಪಲ್ಲ

ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಳೆಯ ಅಂಬಾಸಡರ್ ಕಾರನ್ನು ಬಾಡಿಗೆಗೆ ಓಡಿಸುವ ಪುತ್ತೂರಿನ ಕಡೆಯ ಮಿತ್ರರೊಬ್ಬರು ಒಂದು ಸಂಜೆ ವಾಚನಾಲಯಕ್ಕೆ ಬಂದವರು, ಪತ್ರಿಕೆಯನ್ನು ಬಿಡಿಸದೆ ಸುಮ್ಮನೆ ಕುಳಿತುಬಿಟ್ಟರು. “ಎರಡು ಸಲ ಕಾರ್ಬ್ಯುರೇಟರು ಬಿಚ್ಚಿಸಿದೆ ಮಾರಾಯ್ರೆ, ಎರಡು ಸಲವೂ ದುಡ್ಡು ಎಣಿಸಿದೆ. ಗಾಡಿ ನಿಲ್ಲಿಸಿದರೆ ಎಂಜಿನು ಈಗಲೂ ನಡುಗಿ ಆರಿಹೋಗುತ್ತದೆ” ಎಂದರು. ಓಡುವಾಗ ಹೇಗೆ ಎಂದು ಕೇಳಿದೆವು. ಓಡುವಾಗ ಅಷ್ಟು ತೊಂದರೆಯಿಲ್ಲವಂತೆ. ರೋಗದ ಗುರುತು ಆ ಮಾತಿನಲ್ಲೇ ಇತ್ತು.

ಪೆಟ್ರೋಲು ಒಂದು ಪಾಲಿಗೆ ಗಾಳಿ ತೂಕದಲ್ಲಿ ಸುಮಾರು 14.7 ಪಾಲು ಬೇಕು. ಕಾರ್ಬ್ಯುರೇಟರು ಬೆರೆಸಿಕೊಟ್ಟ ಈ ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡು. ಅದಕ್ಕೂ ಎಂಜಿನಿನ ತಲೆಗೂ ನಡುವೆ ಇರುವ ತೆಳುವಾದ ಗ್ಯಾಸ್ಕೆಟ್ಟು ಸುಟ್ಟೋ ಹರಿದೋ ಹೋದರೆ ಲೆಕ್ಕಕ್ಕೆ ಬಾರದ ಗಾಳಿ ಒಳನುಗ್ಗುತ್ತದೆ. ಎಂಜಿನು ನಿಧಾನವಾಗಿ ತಿರುಗುವಾಗ ಕೊಳವೆಯೊಳಗೆ ಎಳೆತ ಹೆಚ್ಚು, ಮಿಶ್ರಣ ಕಡಮೆ. ಆಗ ಕಳ್ಳಗಾಳಿಯ ಪಾಲು ದೊಡ್ಡದು. ಆಕ್ಸಲರೇಟರು ಒತ್ತಿದೊಡನೆ ಎಳೆತ ಇಳಿಯುತ್ತದೆ, ದೋಷ ಮರೆಯಾಗುತ್ತದೆ. ಆದುದರಿಂದಲೇ ಇದು ಓಡುವ ಗಾಡಿಯಲ್ಲಿ ಕಾಣದು.

ಕಾಣದೆಂದು ಬಿಡುವಂತಿಲ್ಲ. ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನಿನಲ್ಲಿ ಒಂದು ಮತ್ತು ಎರಡನೆಯ ಸಿಲಿಂಡರಿಗೆ ಸೇರಿ ಒಂದೇ ಒಳದಾರಿ. ಮೂರು, ನಾಲ್ಕಕ್ಕೆ ಇನ್ನೊಂದು. ಒಂದು ಕಡೆ ಸೋರಿದರೆ ಎರಡು ಸಿಲಿಂಡರು ಕೆಡುತ್ತವೆ. ಪೆಟ್ರೋಲು ಕಡಮೆಯಾದ ಮಿಶ್ರಣ ತಡವಾಗಿ ಉರಿದು, ಎಕ್ಸಾಸ್ಟ್ ವಾಲ್ವಿನ ಅಂಚನ್ನೇ ಸುಡಬಹುದು. ಆಮೇಲೆ ತಲೆಯನ್ನೇ ಇಳಿಸಬೇಕು. ಗಾಡಿ ಷೆಡ್ಡಿನಲ್ಲಿ, ಬಾಡಿಗೆ ಇನ್ನೊಬ್ಬರಿಗೆ.

ಪರೀಕ್ಷೆ ಸುಲಭ. ಎಂಜಿನು ತಿರುಗುತ್ತಿರಲಿ, ಎಣ್ಣೆಕ್ಯಾನಿನಿಂದ ಎಂಜಿನ್ ಆಯಿಲನ್ನು ಜೋಡಣೆಯ ಉದ್ದಕ್ಕೂ ಹನಿಹನಿಯಾಗಿ ಬಿಡಬೇಕು. ಎಲ್ಲಿ ‘ಸುಯ್’ ಎಂಬ ಸದ್ದು ನಿಂತು ಎಂಜಿನಿನ ನಡೆ ಬದಲಾಗುವುದೋ ಅಲ್ಲೇ ತೂತು. ಮುಂಡಿನ ಅಂಚು ಫ್ಯಾನಿಗೆ ಸಿಕ್ಕದಿರಲಿ. ಕೆಲವರು ಇದಕ್ಕೆ ಪೆಟ್ರೋಲು ಚಿಮುಕಿಸುವುದುಂಟು. ಕೂಡದು! ಈ ಎಂಜಿನಿನಲ್ಲಿ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡು ಅದೇ ಪಕ್ಕದಲ್ಲಿ, ಅದೇ ಗ್ಯಾಸ್ಕೆಟ್ಟಿನ ಮೇಲೆ ಕುಳಿತಿದೆ. ವ್ಯಾಕ್ಯೂಮ್ ಗೇಜು ಇದ್ದರೆ, ಸಮುದ್ರಮಟ್ಟದ ಈ ದ್ವೀಪದಲ್ಲಿ ಒಳ್ಳೆಯ ಎಂಜಿನು 17ರಿಂದ 21 ಅಂಗುಲ ತೋರಿಸಬೇಕು. ಅದೇ ಗಾಡಿ ಬೆಂಗಳೂರಿನಲ್ಲಿ ಮೂರು ಅಂಗುಲ ಕಡಮೆ ತೋರಿಸಿದರೆ ಗಾಬರಿ ಬೇಡ. ಅದು ಎತ್ತರದ ಗುಣ.

ಬಿಚ್ಚುವ ಮೊದಲು ಎಂಜಿನು ಪೂರಾ ಆರಲಿ, ಬ್ಯಾಟರಿಯ ತಂತಿ ಕಳಚಿರಲಿ. ಇಲ್ಲಿನ ಉಪ್ಪುಗಾಳಿಗೆ ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು, ಅವಸರಪಟ್ಟರೆ ಸ್ಟಡ್ಡು ಮುರಿಯುತ್ತದೆ. ಏರ್ ಕ್ಲೀನರು, ಪೆಟ್ರೋಲ್ ಪೈಪು, ಕಾರ್ಬ್ಯುರೇಟರು, ಕೆಳಗಿನ ಸೈಲೆನ್ಸರ್ ಪೈಪು ಇವನ್ನು ಬಿಡಿಸಿ ಮ್ಯಾನಿಫೋಲ್ಡುಗಳನ್ನು ಹೊರಗೆಳೆಯಬೇಕು. ತೂತುಗಳಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟನ್ನು ನೀರಿನಲ್ಲಿ ತೋಯಿಸಿಯೇ ಕೆರೆಯಬೇಕು. ಹಳೆಯ ಕಾಲದವುಗಳಲ್ಲಿ ಕಲ್ನಾರು ಇರುವುದುಂಟು. ಅದರ ಒಣ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕೆಲಸ ಮುಗಿದಾಗ ಬಟ್ಟೆಗಳನ್ನು ಎಣಿಸಿ ತೆಗೆಯಿರಿ.

ಮಿತ್ರರ ಗಾಡಿಯಲ್ಲಿ ನಾವು ಕಂಡ ವಿಶೇಷವೆಂದರೆ ವಾಷರು. ಇಲ್ಲಿ ಒಂದೇ ದಪ್ಪ ವಾಷರು ಎರಡೂ ಮ್ಯಾನಿಫೋಲ್ಡುಗಳ ಅಂಚನ್ನು ಒಟ್ಟಿಗೆ ಒತ್ತಿಹಿಡಿಯಬೇಕು. ಯಾರೋ ಹಿಂದೆ ತೆಳುವಾದ ಸಾಮಾನ್ಯ ವಾಷರು ಹಾಕಿದ್ದರು. ಅದು ಬಗ್ಗಿ, ಎಕ್ಸಾಸ್ಟಿನ ಕಡೆ ಬಿಗಿ, ಇನ್‌ಟೇಕಿನ ಕಡೆ ಸಡಿಲ. ಬರೀ ಗ್ಯಾಸ್ಕೆಟ್ಟು ಬದಲಿಸಿದ್ದರೆ ಮತ್ತೆ ಅದೇ ಕಥೆಯಾಗುತ್ತಿತ್ತು. ಎರಡು ಅಂಚುಗಳ ದಪ್ಪ ಸಮನಾಗಿದೆಯೇ, ಮುಖಗಳು ಸೊಟ್ಟಗಿಲ್ಲವೇ ಎಂದು ಉಕ್ಕಿನ ಪಟ್ಟಿಯಿಟ್ಟು ನೋಡಿದ ಮೇಲೆ ಹೊಸ ಗ್ಯಾಸ್ಕೆಟ್ಟನ್ನು ಅಂಟು ಬಳಿಯದೆ ಕೂರಿಸಿದರು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುತ್ತುಸುತ್ತಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಮ್ಮೆ ಕಾಯಿಸಿ, ಆರಿಸಿ, ಮತ್ತೊಮ್ಮೆ ಸ್ಪ್ಯಾನರು ಆಡಿಸಬೇಕು.

ಮೊದಲ ಸಲ ಚಾಲೂ ಮಾಡಿದಾಗ ಕರಿಹೊಗೆ ಬಂದಿತು. ಮಿತ್ರರ ಮುಖ ಸಪ್ಪಗಾಯಿತು. ಸೋರಿಕೆಯನ್ನು ಮುಚ್ಚಲು ಹಿಂದಿನವರು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹೆಚ್ಚಿಸಿಟ್ಟಿದ್ದರು, ಅಷ್ಟೇ. ಆ ಸ್ಕ್ರೂವನ್ನು ಸರಿಪಡಿಸಿದ ಮೇಲೆ ಎಂಜಿನು ಹೊಲಿಗೆ ಯಂತ್ರದಂತೆ ತಿರುಗಿತು. ಮರುದಿನ ಬೆಳಗಿನ ಬಾಡಿಗೆಗೆ ಅವರು ಹೊರಟರು.