ಹೆಣ್ಣುಮಕ್ಕಳು ಯಾತ್ರೆ ಹೋಗುತ್ತಿದ್ದ ದ್ವೀಪ

ಸುತ್ತಲೂ ನೀರು, ನಡುವೆ ನೆಲ. ಇದಕ್ಕೆ ದ್ವೀಪ ಅಂತ ಹೆಸರು. ಹೊಳೆಯ ನಡುವೆ ಇರುವ ನಡುಗಡ್ಡೆಯನ್ನು ನೀವು ನೋಡಿರಬಹುದು. ನಮ್ಮ ಶ್ರೀರಂಗಪಟ್ಟಣವೂ ಅಂಥದ್ದೇ. ಆದರೆ ನಾವೀಗ ಹೋಗುವುದು ಸಮುದ್ರದ ನಡುವೆ ಇರುವ ದೊಡ್ಡ ದ್ವೀಪಕ್ಕೆ. ಅದರ ಹೆಸರು ಕೊಸುಮೆಲ್. ಮೆಕ್ಸಿಕೋ ದೇಶಕ್ಕೆ ಸೇರಿದ್ದು. ಭೂಮಿಯ ಆ ಮಗ್ಗುಲಲ್ಲಿದೆ. ನಾವು ಬೆಳಗ್ಗೆ ಆರು ಗಂಟೆಗೆ ಎದ್ದು ಬಾಗಿಲಿಗೆ ನೀರು ಹಾಕುವಾಗ ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ ಗಂಟೆ!

ಅಷ್ಟು ದೂರದ ಊರಿನ ಸುದ್ದಿ ನಮಗ್ಯಾಕೆ ಅಂತೀರಾ? ಆ ದ್ವೀಪಕ್ಕೆ ಹಿಂದೆ ಹೆಣ್ಣುಮಕ್ಕಳು ದೋಣಿ ಹತ್ತಿ ಯಾತ್ರೆ ಹೋಗುತ್ತಿದ್ದರು. ಮಡಿಲಿಗೆ ಒಂದು ಮಗು ಬೇಕು, ಹೆರಿಗೆ ಸುಸೂತ್ರ ಆಗಬೇಕು. ಇದು ಅವರ ಹರಕೆ. ಅವರು ನಡೆದ ಕಲ್ಲು ದಾರಿ ಇವತ್ತೂ ಇದೆ.

ಅವರು ಮಾಯ ಜನ. ನಾವು 'ಮಾಯ ಆಯ್ತು' ಅಂತೀವಲ್ಲ, ಆ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಆ ಜನರ ಹೆಸರು ಅಷ್ಟೆ. ಮೆಕ್ಸಿಕೋ, ಗ್ವಾಟೆಮಾಲಾ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅವರು ಕಲ್ಲಿನ ಊರುಗಳನ್ನು ಕಟ್ಟಿದ್ದರು. ಲೆಕ್ಕದಲ್ಲಿ ಗಟ್ಟಿಗರು. ಒಂದಕ್ಕೆ ಒಂದು ಚುಕ್ಕಿ, ಐದಕ್ಕೆ ಒಂದು ಗೆರೆ. ಹಾಗಾದರೆ ಏಳು ಬರೆಯೋದು ಹೇಗೆ? ಒಂದು ಗೆರೆ, ಅದರ ಮೇಲೆ ಎರಡು ಚುಕ್ಕಿ. ಸೊನ್ನೆಗೆ ಚಿಪ್ಪಿನಂಥ ಗುರುತು ಇತ್ತು.

ಅವರ ಊಟ ಮೆಕ್ಕೆಜೋಳ. ಕೆಲವರು ಮುಸುಕಿನ ಜೋಳ ಅಂತಾರೆ, ಕೆಲವರು ಗೋವಿನ ಜೋಳ ಅಂತಾರೆ, ಎಲ್ಲ ಒಂದೇ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ಕಲ್ಲಿನ ಮೇಲೆ ಅರೆದು, ರೊಟ್ಟಿ ಮಾಡುತ್ತಿದ್ದರು. ಸುಣ್ಣ ಯಾಕೆ? ಸಿಪ್ಪೆ ಸಡಿಲ ಆಗುತ್ತೆ. ಜೋಳದ ಒಳಗಿನ ಸತ್ವವೂ ಮೈಗೆ ಹತ್ತುತ್ತೆ. ಈ ಜೋಳ, ಮೆಣಸಿನಕಾಯಿ, ಟೊಮ್ಯಾಟೊ, ಪರಂಗಿ, ಸೀಬೆ, ಎಲ್ಲವೂ ಅಮೆರಿಕ ಖಂಡದ ಬೆಳೆಗಳು. ಸುಮಾರು 500 ವರ್ಷಗಳ ಹಿಂದಿನಿಂದ ಹಡಗುಗಳಲ್ಲಿ ನಮ್ಮ ಕಡೆಗೆ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅದೇ ಸೀಮೆ. ಅದು ಬರುವ ಮುಂಚೆ ನಮ್ಮ ಸಾರಿಗೆ ಕರಿಮೆಣಸೇ ಖಾರ.

ಸರಿ, ದ್ವೀಪಕ್ಕೆ ಹೋಗೋಣ. ದಡದ ಮೇಲೆ ಪ್ಲಾಯಾ ದೆಲ್ ಕಾರ್ಮೆನ್ ಅಂತ ಒಂದು ಊರಿದೆ. ಅಲ್ಲಿಂದ ದೊಡ್ಡ ಯಂತ್ರದ ದೋಣಿ ಹತ್ತಿದರೆ ಮುಕ್ಕಾಲು ಗಂಟೆ. ದ್ವೀಪದ ಉದ್ದ ಸುಮಾರು 48 ಕಿಲೋಮೀಟರ್, ಅಗಲ ಸುಮಾರು 16. ಬಂದವರಲ್ಲಿ ಹೆಚ್ಚಿನವರು ಸಮುದ್ರದಲ್ಲಿ ಮುಳುಗಿ ಹವಳದ ದಿಬ್ಬ, ಬಣ್ಣದ ಮೀನು ನೋಡಿ ಹೋಗಿಬಿಡುತ್ತಾರೆ. ಹಳೆಯ ಊರು ಇರುವುದು ದ್ವೀಪದ ಒಳಗೆ, ಕಾಡಿನ ನಡುವೆ. ಅದನ್ನು ಈಗ ಸಾನ್ ಹೆರ್ವಾಸಿಯೊ ಅಂತ ಕರೆಯುತ್ತಾರೆ. ಅಲ್ಲಿ ಸೆಕೆ ಬಹಳ, ಸೊಳ್ಳೆಯೂ ಬಹಳ. ಕುಡಿಯುವ ನೀರು ಜೊತೆಗಿರಬೇಕು. ಬಂಡೆಗಳ ಮೇಲೆ ಓತಿಕ್ಯಾತದಂಥ, ಆದರೆ ಮೊಳಕ್ಕಿಂತ ಉದ್ದದ ಪ್ರಾಣಿಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಅವು ಇಗುವಾನ. ತಂಟೆಗೆ ಹೋಗದಿದ್ದರೆ ಏನೂ ಮಾಡಲ್ಲ.

ಹಂಪಿ ನೋಡಿದವರಿಗೆ ಇದು ಸಣ್ಣ ಊರು ಅನ್ನಿಸುತ್ತೆ. ಗೋಡೆಗಳು ಕುಳ್ಳು, ಬಾಗಿಲುಗಳು ಇನ್ನೂ ಕುಳ್ಳು. ಮರ, ಹುಲ್ಲಿನ ಚಾವಣಿಗಳು ಎಂದೋ ಹೋಗಿವೆ, ಕಲ್ಲು ಉಳಿದಿದೆ. ಒಂದು ಮನೆಯ ಗೋಡೆ ಮೇಲೆ ಕೆಂಪು ಬಣ್ಣದ ಕೈಗುರುತುಗಳಿವೆ. ಪುಟ್ಟ ಪುಟ್ಟ ಕೈಗಳು! ಅದಕ್ಕೇ ಆ ಮನೆಗೆ 'ಪುಟ್ಟ ಕೈಗಳ ಮನೆ' ಅಂತ ಹೆಸರು ಬಿದ್ದಿದೆ. ನಾವಾದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲಿ ಅನ್ನುತ್ತೇವೆ.

ಮರಗಳ ನಡುವೆ ನೇರವಾಗಿ ಒಂದು ದಾರಿ ಹೋಗುತ್ತೆ. ನೆಲಕ್ಕಿಂತ ಎತ್ತರಿಸಿ ಕಟ್ಟಿದ ಸುಣ್ಣಕಲ್ಲಿನ ದಾರಿ. ಮಾಯ ಭಾಷೆಯಲ್ಲಿ ಅದು 'ಸಕ್‌ಬೆ'. ಅಂದ್ರೆ ಬಿಳಿ ದಾರಿ. ಅದರ ಮೇಲೆ ಕಲ್ಲಿನ ಒಂದು ಕಮಾನು. ಸಮುದ್ರ ದಾಟಿ ಬಂದ ಹೆಂಗಸರು ಈ ದಾರಿಯಲ್ಲಿ ನಡೆದು ಊರೊಳಗೆ ಬರುತ್ತಿದ್ದರು.

ಸಮುದ್ರ ದಾಟುವುದು ಸುಲಭ ಇರಲಿಲ್ಲ. ದಡಕ್ಕೂ ದ್ವೀಪಕ್ಕೂ ನಡುವೆ ನೀರಿನ ಸೆಳೆತ ಜೋರು. ದೋಣಿ ಅಂದರೆ ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು. ಯಂತ್ರ ಇಲ್ಲ, ತೋಳಿನ ಬಲವೇ ಬಲ. ಯಾಕೆ ಅಷ್ಟು ಕಷ್ಟಪಟ್ಟರು? ಹೆರಿಗೆಯಲ್ಲಿ ತಾಯಿ ಸಾಯುವುದು, ಹುಟ್ಟಿದ ಕೂಸು ಉಳಿಯದೇ ಹೋಗುವುದು, ಮಕ್ಕಳಾಗಲಿಲ್ಲ ಅಂತ ಹೆಂಗಸನ್ನೇ ಆಡಿಕೊಳ್ಳುವುದು. ಇದರ ನೋವು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಭಯದ ಮುಂದೆ ಸಮುದ್ರದ ಭಯ ಸಣ್ಣದಾಗಿತ್ತೋ ಏನೋ.

ಅವರು ಹರಕೆ ಹೊತ್ತದ್ದು ಇಷ್‌ಚೆಲ್ ಎಂಬ ದೇವಿಗೆ. ಹೆರಿಗೆ, ಮದ್ದು, ನೇಯ್ಗೆ ಎಲ್ಲಕ್ಕೂ ಅವಳೇ ತಾಯಿ. ಮಾಯ ಹೆಂಗಸರು ಮಗ್ಗದ ಒಂದು ತುದಿಯನ್ನು ಮರಕ್ಕೆ, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಬಟ್ಟೆ ನೇಯುತ್ತಿದ್ದರು. ಈಗಲೂ ಹಾಗೆ ನೇಯುವವರಿದ್ದಾರೆ. ಇವತ್ತಿನ ಅಂಗಡಿಗಳಲ್ಲಿ ಇಷ್‌ಚೆಲ್‌ಳನ್ನು ಚೆಲುವೆ ಹುಡುಗಿಯ ಹಾಗೆ ಚಿತ್ರಿಸಿ ಮಾರುತ್ತಾರೆ. ಆದರೆ ಮಾಯ ಜನರ ಒಂದು ಹಳೆಯ ಪುಸ್ತಕದಲ್ಲಿ ತಲೆಗೆ ಹಾವು ಸುತ್ತಿಕೊಂಡು ಕೊಡದಿಂದ ನೀರು ಸುರಿಯುವ ಒಬ್ಬ ಮುದುಕಿ ಇದ್ದಾಳೆ. ಅವಳೇ ಇಷ್‌ಚೆಲ್ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ನಮಗೂ ಅದೇ ಸರಿ ಅನ್ನಿಸುತ್ತೆ. ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಮುದುಕಿಯೇ ಅಲ್ಲವಾ?

ಈ ಊರಿನಲ್ಲಿ 'ಎತ್ತರದ ಮನೆ' ಅಂತ ಒಂದು ಕಟ್ಟಡ ಇದೆ. ಅದೇ ಇಷ್‌ಚೆಲ್ ಗುಡಿ ಅಂತ ತೋರಿಸುತ್ತಾರೆ. ಆಗ ಗೋಡೆಗೆ ಗಾರೆ ಮೆತ್ತಿ ಬಣ್ಣ ಬಳಿದಿದ್ದರು. ಈಗ ಬರೀ ಬೂದು ಕಲ್ಲು. ಕೊಸುಮೆಲ್‌ನ ಒಂದು ಗುಡಿಯಲ್ಲಿ ಮಣ್ಣಿನ ದೊಡ್ಡ ಮೂರ್ತಿ ಇತ್ತಂತೆ, ಒಳಗೆ ಟೊಳ್ಳು. ಪೂಜಾರಿ ಹಿಂದಿನಿಂದ ಅದರೊಳಗೆ ಹೋಗಿ ಕೇಳಿದವರಿಗೆ ಉತ್ತರ ಹೇಳುತ್ತಿದ್ದ. ಸ್ಪೇನ್ ದೇಶದವರು ಹೀಗೆ ಬರೆದಿಟ್ಟಿದ್ದಾರೆ.

ಯಾತ್ರೆಯ ಜೊತೆಗೆ ವ್ಯಾಪಾರವೂ ನಡೆಯುತ್ತಿತ್ತು. ಉಪ್ಪು, ಬಟ್ಟೆ, ಜೇನು. ಅವರು ಸಾಕುತ್ತಿದ್ದ ಜೇನು ಚುಚ್ಚುವುದಿಲ್ಲ. ನಮ್ಮಲ್ಲಿ ಮುಜಂಟಿ, ನಸರಿ ಅಂತೀವಲ್ಲ, ಆ ಜಾತಿಯದು. ಟೊಳ್ಳು ಮರದ ತುಂಡಿನಲ್ಲಿ ಸಾಕಿ, ಎರಡೂ ತುದಿಗೆ ಬಿಲ್ಲೆ ಮುಚ್ಚುತ್ತಿದ್ದರು. ಮರ ಮಣ್ಣಾಗಿದೆ. ಕಲ್ಲಿನ ಬಿಲ್ಲೆಗಳು ದ್ವೀಪದಲ್ಲಿ ಸಿಕ್ಕಿವೆ.

ಇಂಥ ಊರು ಹಾಳಾದದ್ದು ಹೇಗೆ?

1519ರಲ್ಲಿ ಸ್ಪೇನ್ ದೇಶದ ಕೋರ್ಟೆಸ್ ಎಂಬ ದಂಡನಾಯಕ ಹಡಗುಗಳಲ್ಲಿ ಬಂದಿಳಿದ. ನಮ್ಮಲ್ಲಿ ಆಗ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಕೋರ್ಟೆಸ್ ಗುಡಿಯ ಮೂರ್ತಿಗಳನ್ನು ಒಡೆಸಿ ಮೆಟ್ಟಿಲ ಮೇಲಿಂದ ಉರುಳಿಸಿದ. ಅದಕ್ಕಿಂತ ಕೆಟ್ಟದ್ದು ಮರುವರ್ಷ ಬಂತು. 1520ರಲ್ಲಿ ಬಂದ ಇನ್ನೊಂದು ದಂಡಿನ ಜೊತೆ ಸಿಡುಬು ಬಂತು. ನಮ್ಮ ಹಳ್ಳಿಗಳಲ್ಲಿ 'ಅಮ್ಮ' ಅಂತ ಹೆದರುತ್ತಿದ್ದರಲ್ಲ, ಅದೇ ರೋಗ. ಆ ಸೀಮೆಯವರು ಆ ರೋಗವನ್ನು ಅದುವರೆಗೆ ಕಂಡೇ ಇರಲಿಲ್ಲ, ಅವರ ಮೈಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಮನೆಮನೆಗಳೇ ಖಾಲಿಯಾದವು. ಸಾವಿರಾರು ಜನರಿದ್ದ ದ್ವೀಪದಲ್ಲಿ 1570ರ ಹೊತ್ತಿಗೆ ಕೆಲವೇ ನೂರು ಮಂದಿ ಉಳಿದಿದ್ದರು. ಸಿಡುಬು ಲೋಕದಿಂದಲೇ ಹೋಯಿತು ಅಂತ ಸಾರಿದ್ದು 1980ರಲ್ಲಿ, ಲಸಿಕೆಯಿಂದ.

ಮಾಯ ಜನರಿಗೆ ಅವರದೇ ಬರಹ ಇತ್ತು. ಅದು ನಿಮಗೆ ಬೇಗ ಅರ್ಥ ಆಗುತ್ತೆ. ಅವರ ಕಾಡಿನಲ್ಲಿ ಚಿರತೆಯಂಥ, ಚಿರತೆಗಿಂತ ದಪ್ಪನೆಯ ಮೃಗ ಇದೆ. ಮಾಯ ಮಾತಿನಲ್ಲಿ ಅದು 'ಬಾಲಮ್'. ಅದನ್ನು ಬರೆಯಲು ಆ ಮೃಗದ ತಲೆಯ ಚಿತ್ರ ಬರೆದರೂ ಆಯ್ತು. ಇಲ್ಲದಿದ್ದರೆ 'ಬ' ಅನ್ನುವ ಗುರುತು, 'ಲ' ಅನ್ನುವ ಗುರುತು, 'ಮ' ಅನ್ನುವ ಗುರುತು ಕೂಡಿಸಿ ಬರೆದರೂ ಆಯ್ತು. ನಾವು ಅಕ್ಷರ ಕೂಡಿಸಿ ಓದುವ ಹಾಗೆಯೇ. ಮರದ ತೊಗಟೆಯಿಂದ ಕಾಗದ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕ ಮಾಡುತ್ತಿದ್ದರು.

1562ರಲ್ಲಿ ದಿಯೆಗೊ ದೆ ಲಾಂದಾ ಎಂಬ ಸ್ಪೇನಿನ ಪಾದ್ರಿ ಮಾನಿ ಎಂಬ ಊರಲ್ಲಿ ಆ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಜನ ಬಹಳ ಸಂಕಟಪಟ್ಟರು ಅಂತ ಅವನೇ ಬರೆದಿದ್ದಾನೆ. ಒಟ್ಟು ನಾಲ್ಕೇ ಪುಸ್ತಕ ಉಳಿದಿವೆ. ಮೂರು ಯುರೋಪಿನ ಊರುಗಳಲ್ಲಿ, ಒಂದು ಮೆಕ್ಸಿಕೋದಲ್ಲಿ. ಬರುಬರುತ್ತಾ ಆ ಅಕ್ಷರ ಓದಬಲ್ಲವರು ಒಬ್ಬರೂ ಉಳಿಯಲಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳು ಅಜ್ಜಿಯ ಭಾಷೆ ಆಡುತ್ತಲೇ ಇದ್ದರು, ಆದರೆ ಕಲ್ಲಿನ ಮೇಲಿನ ಬರಹ ಅವರಿಗೆ ಬರೀ ಚಿತ್ರವಾಯಿತು.

ವಿಚಿತ್ರ ನೋಡಿ. ಪುಸ್ತಕ ಸುಡಿಸಿದ ಅದೇ ಲಾಂದಾ ಮಾಯ ಜನರ ಬಗ್ಗೆ ಒಂದು ಪುಸ್ತಕ ಬರೆದ. ಹೆರಿಗೆಯ ಹೊತ್ತಿಗೆ ಬಾಣಂತಿಯ ಹಾಸಿಗೆ ಅಡಿ ಇಷ್‌ಚೆಲ್ ಮೂರ್ತಿ ಇಡುತ್ತಿದ್ದರು ಅಂತ ನಮಗೆ ಗೊತ್ತಾದದ್ದು ಅವನಿಂದ. ಕೆಲವು ಅಕ್ಷರಗಳನ್ನೂ ಅವನು ಬರೆದಿಟ್ಟಿದ್ದ. ಅದೇ ಸುಳಿವು ಹಿಡಿದು 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಎಂಬ ವಿದ್ವಾಂಸ ಈ ಬರಹವನ್ನು ಓದುವ ದಾರಿ ತೋರಿಸಿದ.

ಇನ್ನೊಬ್ಬಳು ಹೆಂಗಸು. ಹೆಸರು ತಾತಿಯಾನಾ ಪ್ರೊಸ್ಕೂರಿಯಾಕೊಫ್. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವಳು. ಆಗಿನ ಪಂಡಿತರು ಮಾಯ ಕಲ್ಲುಗಳಲ್ಲಿ ಬರೀ ದೇವರು, ನಕ್ಷತ್ರ, ಪಂಚಾಂಗ ಇದೆ ಅಂತಿದ್ದರು. ಇವಳು ಕಲ್ಲಿನ ತಾರೀಕುಗಳನ್ನು ಕೂತು ಲೆಕ್ಕ ಹಾಕಿದಳು. ಪ್ರತಿ ಗುಂಪಿನ ತಾರೀಕುಗಳೂ ಒಂದು ಮನುಷ್ಯನ ಆಯುಷ್ಯದೊಳಗೆ ಬರುತ್ತಿದ್ದವು. ಇವು ರಾಜರು ಹುಟ್ಟಿದ್ದು, ಪಟ್ಟಕ್ಕೆ ಬಂದದ್ದು ಅಂತ 1960ರಲ್ಲಿ ತೋರಿಸಿಕೊಟ್ಟಳು. ನಿಲುವಂಗಿ ತೊಟ್ಟ ಕಲ್ಲಿನ ಮೂರ್ತಿಗಳನ್ನು ಗಂಡು ಪೂಜಾರಿಗಳು ಅಂತ ತಿಳಿದಿದ್ದರು. ಅವರು ಹೆಂಗಸರು, ರಾಣಿಯರು, ರಾಜನ ತಾಯಂದಿರು ಅಂತ ಹೇಳಿದವಳೂ ಇವಳೇ.

ಕೊಸುಮೆಲ್‌ನ ಹಳೆಯ ಊರು ಹಾಳಾಯಿತು, ಮಾಯ ಜನ ಹಾಳಾಗಲಿಲ್ಲ. ದ್ವೀಪದ ಎದುರು ದಡದ ಸೀಮೆಯ ಮಾಯ ಭಾಷೆ ಆಡುವವರು ಮೆಕ್ಸಿಕೋದಲ್ಲಿ 2020ರ ಜನಗಣತಿ ಪ್ರಕಾರ ಏಳೂವರೆ ಲಕ್ಷಕ್ಕೂ ಹೆಚ್ಚು. ಹೊಟ್ಟೆ ನೀವಿ ಮಗುವಿನ ತಲೆ ಎಲ್ಲಿದೆ ಅಂತ ಹೇಳಬಲ್ಲ ಸೂಲಗಿತ್ತಿಯರು ಅವರಲ್ಲಿ ಈಗಲೂ ಇದ್ದಾರೆ. ಕೆಲವು ವರ್ಷಗಳಿಂದ ದಡದಿಂದ ಕೊಸುಮೆಲ್‌ಗೆ ಹಳೇ ಕಾಲದ ಹಾಗೆ ದೋಣಿಯಲ್ಲಿ ಹುಟ್ಟು ಹಾಕಿ ದಾಟುವ ಉತ್ಸವವೂ ಶುರುವಾಗಿದೆ. ಪ್ರವಾಸಿಗರನ್ನು ಸೆಳೆಯಲು ಅನ್ನಿ, ಆದರೂ ತಿಂಗಳುಗಟ್ಟಲೆ ಅಭ್ಯಾಸ ಮಾಡದೆ ಆ ನೀರನ್ನು ದಾಟಲು ಆಗುವುದಿಲ್ಲ. ಮಾಯ ಜನರಿಗೆ ಅವರ ಹಳೆಯ ಅಕ್ಷರ ಕಲಿಸುವ ಶಿಬಿರಗಳೂ 1980ರ ದಶಕದಿಂದ ನಡೆಯುತ್ತಿವೆ. ದೊಡ್ಡವರೇ ಬಂದು ಕೂರುತ್ತಾರೆ. 'ಬ' ಯಾವುದು, 'ಲ' ಯಾವುದು ಅಂತ ತಿದ್ದಿ ತಿದ್ದಿ ಕಲಿಯುತ್ತಾರೆ.